ಕಾರಿನ ಬಾಗಿಲಿಗೆ ಕುಸುಬಿ ಎಣ್ಣೆ

ಕಾಶಿನಾಥನಿಗೆ ಐವತ್ತಾರು. ಆಳಂದ ಬಿಟ್ಟು ಮುಂಬಯಿಗೆ ಬಂದು ಮೂವತ್ತು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ಮನೆಯ ಡ್ರೈವರ್. ಮೊದಲು ಯಜಮಾನರಿಗೆ, ಅವರು ತೀರಿಕೊಂಡ ಮೇಲೆ ಮಗಳು ವಿನೋದಿನಿಗೆ. ವಿಕ್ರೋಳಿಯಿಂದ ಫೋರ್ಟಿನ ಆಫೀಸಿಗೆ ಬಿಡಬೇಕು, ಸಂಜೆ ಕರೆತರಬೇಕು. ಕುರ್ಲಾದ ಚಾಳಿನಿಂದ ಬೆಳಿಗ್ಗೆ ಹೊರಡುವಾಗಲೇ ಅವನ ಸೊಂಟ ನೋಯುತ್ತಿರುತ್ತದೆ.

ಕಳೆದ ತಿಂಗಳು ಕಾರಿನ ಹಿಂಬಾಗಿಲು ಕಿರ್ರೆನ್ನತೊಡಗಿತು. ದಿನದಿಂದ ದಿನಕ್ಕೆ ಹೆಚ್ಚಾಯಿತು.

“ಕಾಕಾ, ಆಫೀಸ್ ಮುಂದೆ ಎಲ್ಲಾರೂ ತಿರುಗಿ ನೋಡ್ತಾರೆ,” ಎಂದಳು ವಿನೋದಿನಿ. “ಸೋಮವಾರ ತನಕ ಠೀಕ್ ಆಗ್ಲಿಲ್ಲ ಅಂದ್ರೆ ಗಾಡಿ ಮಾರ್ತೇನೆ. ಕ್ಯಾಬ್ ಸಾಕು ನನಗೆ.”

ಕಾರಿಲ್ಲದ ಮನೆಗೆ ಡ್ರೈವರ್ ಯಾಕೆ? ಐವತ್ತಾರರವನನ್ನು ಹೊಸದಾಗಿ ಇಟ್ಟುಕೊಳ್ಳುವವರಾದರೂ ಯಾರು?

ನಿಜ ಹೇಳಬೇಕೆಂದರೆ ಈ ಗೋಳು ಅವನೇ ತಂದುಕೊಂಡದ್ದು. ನಮ್ಮ ಕಲಬುರಗಿ ಕಡೆಯವರಿಗೆ ಡಾಕ್ಟರಿಗಿಂತ ಕುಸುಬಿ ಎಣ್ಣೆಯ ಮೇಲೆ ನಂಬಿಕೆ ಹೆಚ್ಚು. ಚಟ್ನಿಪುಡಿಗೂ ಅದೇ, ಮೊಣಕಾಲಿಗೂ ಅದೇ. ಹೆಂಡತಿ ಮಹಾದೇವಿಯ ತವರಿನಿಂದ ವರ್ಷಕ್ಕೊಂದು ಡಬ್ಬಿ ಬರುತ್ತದೆ. ಬಾಗಿಲು ಮೊದಲ ಸಲ ಸದ್ದು ಮಾಡಿದಾಗ ಅದರಿಂದಲೇ ಎರಡು ಚಮಚ ಕೀಲುಗಳಿಗೆ ಬಿಟ್ಟಿದ್ದ. ನಾಲ್ಕು ದಿನ ಸುಮ್ಮನಿತ್ತು, ಆಮೇಲೆ ಇನ್ನಷ್ಟು ಕಿರುಚಿತು. ಮತ್ತೆರಡು ಚಮಚ ಬಿಟ್ಟ. ಮದ್ದು ಸಾಲಲಿಲ್ಲ ಎಂದುಕೊಂಡನೇ ಹೊರತು ಮದ್ದೇ ತಪ್ಪೆಂದು ಒಪ್ಪುವ ಆಸಾಮಿಯಲ್ಲ.

ಶನಿವಾರ ಕೊನೆಗೂ ದೂಜನ ಗ್ಯಾರೇಜಿಗೆ ಹೋದ. ಕಾರ್ಕಳದ ದೂಜ ಕೀಲು ಮುಟ್ಟಿ ಬೆರಳು ನೋಡಿಕೊಂಡ. ಅಂಟು ಹತ್ತಿತ್ತು.

“ಇದಕ್ಕೆ ಎಂತ ಹಾಕಿದ್ದು ಮಾರಾಯ್ರೆ?”

“ಕುಸುಬಿ ಎಣ್ಣಿ ರೀ. ಊರಿಂದು, ಛಲೋ ಇರ್ತದ.”

“ಒಗ್ಗರಣೆಗೆ ಛಲೋ. ಇಲ್ಲಿ ಒಣಗಿ ಗೋಂದು ಆಗಿದೆ. ರಸ್ತೆಯ ಧೂಳೆಲ್ಲ ಇದರಲ್ಲೇ ಉಂಟು.”

ಮಾಡಿದ್ದುಣ್ಣೋ ಮಹಾರಾಯ ಎಂದು ಕಾಶಿನಾಥ ಸ್ಟೂಲಿನ ಮೇಲೆ ಕುಳಿತ. ದೂಜ ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಜಿಡ್ಡು ತಿಕ್ಕಿದ, ಬಟ್ಟೆಯಲ್ಲಿ ಒರೆಸಿ ಒಣಗಿಸಿದ, ಚೂರೇ ಚೂರು ಗ್ರೀಸ್ ಹಚ್ಚಿ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಮುಚ್ಚಿದ.

“ಮೂರು ತಿಂಗಳಿಗೊಮ್ಮೆ ಧೂಳು ಒರೆಸಿ ಇಷ್ಟೇ ಹಚ್ಚಿ. ಮತ್ತೆ ಎಂತದೂ ಬೇಡ.”

ಸೋಮವಾರ ಬೆಳಿಗ್ಗೆ ವಿನೋದಿನಿ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ನೋಡಿದಳು. ಸದ್ದಿಲ್ಲ.

“ಬಹುತ್ ಅಚ್ಛಾ, ಕಾಕಾ. ಇನ್ನು ಐದು ವರ್ಷ ಚಿಂತೆ ಇಲ್ಲ. ನೀವೂ ಇರ್ತೀರಿ, ಗಾಡಿನೂ ಇರ್ತದೆ.”

“ಹೂಂ ರೀ ಮೇಡಂ.”

ಗಾಡಿ ಹೈವೇಗೆ ಬಂದು ಎಂದಿನ ಟ್ರಾಫಿಕ್ಕಿನಲ್ಲಿ ನಿಂತಿತು. ಕೆಲಸ ಉಳಿದದ್ದಕ್ಕೆ ಸಂತೋಷವಾಗಬೇಕಿತ್ತು. ಆದರೆ ಐದು ವರ್ಷ ಎಂಬ ಮಾತಿಗೆ ಕಾಶಿನಾಥ ಸ್ಟೇರಿಂಗಿನಿಂದ ಒಂದು ಕೈ ತೆಗೆದು ನೋಯುವ ಸೊಂಟ ಒತ್ತಿಕೊಂಡ. ಬಾಗಿಲು ರಿಪೇರಿ ಆಗದಿದ್ದರೆ ಸಾಕಿತ್ತು ಎಂದು ಒಳಗೊಳಗೇ ಕಾದಿದ್ದೆನೆಂಬುದು ಅವನಿಗೆ ಆಗಲೇ ಗೊತ್ತಾದದ್ದು. ಇದನ್ನು ಮಹಾದೇವಿಗೆ ಹೇಳುವಂತೆಯೂ ಇರಲಿಲ್ಲ. ಗಂಡನ ಕೆಲಸ ಉಳಿಯಲಿ ಎಂದು ಅವಳು ಅಂದು ಉಪವಾಸವಿದ್ದಳು.