ಬಂದೂಕಿಗೆ ಹೆಗಲಾದವಳು

ಚೋಯ್ಜಿಲನ ಬಂದೂಕಿಗೆ ಮೂವತ್ತೊಂದು ವರ್ಷ ಕಾಲುಗಳಿರಲಿಲ್ಲ. ಅಲ್ತಾಯ್ ಬೆಟ್ಟಗಳ ಆ ಸೀಮೆಯಲ್ಲಿ ಯಾವ ಬೇಟೆಗಾರನ ಬಂದೂಕನ್ನು ನೋಡಿದರೂ ನಳಿಗೆಯ ಕೆಳಗಿನ ಮರಕ್ಕೆ ಎರಡು ಕಡ್ಡಿಗಳ ಊರುಗಾಲು ಸೇರಿಸಿರುತ್ತಾರೆ. ಅದನ್ನು ನೆಲಕ್ಕೂರಿ, ಹಿಂದೆ ಬೋರಲು ಮಲಗಿ, ಉಸಿರು ಕಟ್ಟಿ ಗುಂಡು ಬಿಡುತ್ತಾರೆ. ಚೋಯ್ಜಿಲ್ ಮಾತ್ರ ನಳಿಗೆಯನ್ನು ಹೆಂಡತಿ ಯಂಜ್ಮಾಳ ಬಲ ಹೆಗಲ ಮೇಲೆ ಇಡುತ್ತಿದ್ದ.

ಅದು ಶುರುವಾದದ್ದು ಮದುವೆಯಾದ ವರ್ಷ. ಅವನ ಅಪ್ಪನ ಕಾಲದ ಊರುಗಾಲು ಕುದುರೆಯ ಗೊರಸಿಗೆ ಸಿಕ್ಕಿ ಮುರಿದಿತ್ತು. ಎದುರಿನ ದಿಬ್ಬದಲ್ಲಿ ಕೊಬ್ಬಿದ ತರ್ಬಗವೊಂದು, ಬೆಕ್ಕಿನಷ್ಟು ದಪ್ಪದ ಬೆಟ್ಟದಳಿಲು, ಬಿಲದ ಬಾಯಿಗೆ ಬಂದು ಎರಡು ಕಾಲಲ್ಲಿ ನಿಂತಿತ್ತು. ಹತ್ತೊಂಬತ್ತರ ಯಂಜ್ಮಾ ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು, "ಇಲ್ಲಿಡಿ. ನಾನು ಅಲ್ಲಾಡಲ್ಲ" ಎಂದಳು. ಅಲ್ಲಾಡಲಿಲ್ಲ. ಗುಂಡು ಹಾರಿದ ಮೇಲೆ ಅವಳ ಕಿವಿಯಲ್ಲಿ ಒಂದು ದುಂಬಿ ಹೊಕ್ಕು ಸಂಜೆಯವರೆಗೂ ಗುಂಯ್‌ಗುಟ್ಟಿತು.

"ನಿನ್ನಂಥ ಗಟ್ಟಿ ಮರ ಈ ಬೆಟ್ಟದಲ್ಲೇ ಇಲ್ಲ ಕಣೇ" ಎಂದ ಚೋಯ್ಜಿಲ್. ಹೊಗಳಿಕೆಯೆಂದು ಅವನ ಬಾಯಿಂದ ಬಂದ ಮಾತು ಜನ್ಮಕ್ಕೆ ಅದೊಂದೇ ಇರಬೇಕು.

ಅತ್ತೆಗೆ ಇದು ಸರಿಬರಲಿಲ್ಲ. "ಗಂಡಸಿನ ಬಂದೂಕು ಹೊತ್ತೋಳ ಹೊಟ್ಟೇಲಿ ಕೂಸು ನಿಲ್ಲುತ್ತಾ?" ಎಂದು ಚಹಾ ಕುಡಿಯಲು ಬಂದವರೆದುರೆಲ್ಲ ಹೇಳಿದಳು. ಕೂಸು ನಿಲ್ಲಲೂ ಇಲ್ಲ. ಎರಡು ಸಲ ಕಳೆದುಹೋದ ಮೇಲೆ ಯಂಜ್ಮಾ ಆ ಆಸೆಯನ್ನು ಮಡಿಸಿಟ್ಟಳು. ಬಲಗಿವಿ ಮೂವತ್ತೈದಕ್ಕೆಲ್ಲ ಪೂರ್ತಿ ಹೋಯಿತು. ಗಂಡ ಏನಾದರೂ ಹೇಳಬೇಕಾದರೆ ಎಡಬದಿಗೆ ಬಂದು ಹೇಳುವುದನ್ನು ಕಲಿತ. ಯಾರೂ ಕಲಿಸದೆ ಕಲಿತ ಎನ್ನುವುದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಸಹಕಾರಿ ಸಂಘದ ಬೇಟೆ ತಂಡದಲ್ಲಿ ಚೋಯ್ಜಿಲನ ಹೆಸರು ದೊಡ್ಡದು. ಶರತ್ಕಾಲಕ್ಕೆ ಮುನ್ನೂರು ತೊಗಲು, ಎಲ್ಲವೂ ತಲೆಗೇ ಗುಂಡು. ಇಬ್ಬರೂ ಬಿಳಿ ನಿಲುವಂಗಿ ತೊಟ್ಟು ಹೋಗುತ್ತಿದ್ದರು. ಮುಂದೆ ಯಂಜ್ಮಾ, ಕೈಯಲ್ಲಿ ಚಮರೀಮೃಗದ ಬಾಲದ ಚಾಮರ. ಅದನ್ನು ಬೀಸುತ್ತ, ಕುಣಿಯುತ್ತ, ಕೂರುತ್ತ ಹತ್ತಿರವಾದರೆ ತರ್ಬಗಕ್ಕೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು. ಅದು ಬಾಲ ಬಡಿದು, ಶಿಳ್ಳೆ ಹಾಕಿ ಬೈಯುತ್ತ ನಿಂತೇ ಇರುತ್ತದೆ. ಹಾಗೆ ಬೈದರೆ ಅದು ಆರೋಗ್ಯವಂತ ಪ್ರಾಣಿ. ಚಾಮರ ಕಂಡೂ ಸುಮ್ಮನಿದ್ದರೆ, ತೂಗಾಡಿದರೆ, ಅದರ ಮೈಯಲ್ಲಿ ಪ್ಲೇಗ್ ಇದೆ. ಅಂಥದ್ದನ್ನು ಮುಟ್ಟಬಾರದು. ಇದು ಅಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಅಂಥದ್ದು ಎದುರಾದಾಗ ಯಂಜ್ಮಾ ಮಾತಾಡುತ್ತಿರಲಿಲ್ಲ. ಹೆಗಲು ಕೊಡವುತ್ತಿದ್ದಳು. ನಳಿಗೆ ಜಾರುತ್ತಿತ್ತು. ಚೋಯ್ಜಿಲ್ ಏಕೆಂದು ಕೇಳದೆ ಎದ್ದು ಕುದುರೆಯ ಕಡೆ ನಡೆಯುತ್ತಿದ್ದ.

ಅವನ ಕಣ್ಣಿಗೆ ಪೊರೆ ಬಂದದ್ದನ್ನು ಅವಳು ಮೊದಲು ಗುರುತಿಸಿದ್ದು ಒಂದು ಬೆಳಿಗ್ಗೆ. ಬಣವೆಯೊಂದಕ್ಕೆ ಅವನು "ಚೆನ್ನಾಗಿದ್ದೀರಾ?" ಎಂದು ಕೈಯೆತ್ತಿದ. ಅವಳು ನಕ್ಕಳು, ಅವನೂ ನಕ್ಕ, ತಮಾಷೆಗೆ ಮಾಡಿದೆ ಅಂದ. ಆಮೇಲೆ ಬಟ್ಟಲು ತುಂಬಿ ಚಹಾ ಚೆಲ್ಲುವುದು ಹೆಚ್ಚಾಯಿತು. ಆದರೂ ಬೇಟೆ ನಿಲ್ಲಲಿಲ್ಲ. ದಿಬ್ಬದ ಮೇಲೆ ನಿಂತ ತರ್ಬಗ ಅವನಿಗೆ ಒಂದು ಕಪ್ಪು ಗೀಟಿನಂತೆ ಕಾಣುತ್ತಿತ್ತು. ಗೀಟಿನ ತುದಿಗೆ ಹೊಡೆಯುತ್ತಿದ್ದ. ಮಿಕ್ಕದ್ದನ್ನೆಲ್ಲ ಅವಳು ನೋಡುತ್ತಿದ್ದಳು. ಈ ವಿಷಯವನ್ನು ಗಂಡಹೆಂಡಿರು ತಮ್ಮತಮ್ಮಲ್ಲೂ ಆಡಿಕೊಂಡವರಲ್ಲ.

ಅವಳಿಗೆ ಐವತ್ತಾದ ವಸಂತದಲ್ಲಿ, ಹೊಳೆಯ ಕೊನೆಯ ಮಂಜುಗಡ್ಡೆಯ ಮೇಲೆ ಕುದುರೆ ಜಾರಿ ಅವಳ ಮೇಲೆಯೇ ಬಿತ್ತು. ಸೊಂಟದ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಗುಡಾರದ ಸುತ್ತ ಕೋಲೂರಿ ನಡೆಯಬಲ್ಲಳು. ಬೆಟ್ಟ ಹತ್ತಲಾರಳು, ಕುಕ್ಕರಗಾಲಲ್ಲಿ ಕೂರಲಾರಳು.

ಬೇಸಿಗೆ ಮುಗಿಯುವ ಹೊತ್ತಿಗೆ ತಂಡದ ಮುಖಂಡ ಸಮ್ದಾನ್ ಬಂದ. ಚಹಾ ಕುಡಿದ, ಹವೆ, ಹುಲ್ಲು, ಕುದುರೆ ಎಲ್ಲ ವಿಚಾರಿಸಿದ. ಕೊನೆಗೆ ಹೇಳಿದ: "ಅಣ್ಣಾ, ಈ ವರ್ಷ ನೀವು ಸಂಘದ ಕೇಂದ್ರಕ್ಕೆ ಬಂದ್ಬಿಡಿ. ಉಣ್ಣೆ ಗೋದಾಮಿಗೆ ಕಾವಲು ಬೇಕಾಗಿದೆ. ಬೆಚ್ಚಗೆ ಕೂತ್ಕೊಳ್ಳೋ ಕೆಲಸ."

"ಉಣ್ಣೆ ಓಡಿಹೋಗುತ್ತಾ, ಕಾಯೋಕೆ?" ಎಂದ ಚೋಯ್ಜಿಲ್.

"ಅಕ್ಕ ಇಲ್ದೆ ನೀವು ಬಂದೂಕನ್ನ ಯಾವುದರ ಮೇಲೆ ಇಡ್ತೀರಿ? ನನ್ನ ತಲೆ ಮೇಲಾ?"

"ಅದು ಟೊಳ್ಳು. ಸದ್ದು ಬರುತ್ತೆ."

ಸಮ್ದಾನ್ ನಕ್ಕು, ಹತ್ತು ದಿನ ಬಿಟ್ಟು ಬರುತ್ತೇನೆಂದು ಹೊರಟ. ಅವನು ಹೋದಮೇಲೆ ಚೋಯ್ಜಿಲ್ ಬಂದೂಕನ್ನು ಇಳಿಸಿ ಎಣ್ಣೆ ಹಾಕಿ ಒರೆಸಿದ. ಗೋಡೆಗೆ ತೂಗುಹಾಕಿ, ಮತ್ತೆ ಇಳಿಸಿ ಒರೆಸಿದ. ಮಾರನೆಯ ದಿನವೂ ಅದನ್ನೇ ಮಾಡಿದ. ಊಟಕ್ಕೆ ಕರೆದರೆ ತಟ್ಟೆಯ ಮುಂದೆ ಕೂತು ಬೆಟ್ಟದ ಕಡೆ ನೋಡುತ್ತಿದ್ದ. ಅವನಿಗೆ ಬೆಟ್ಟ ಕಾಣುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾಲ್ಕನೆಯ ದಿನ ಯಂಜ್ಮಾ ಆ ಮುಖವನ್ನು ಇನ್ನು ನೋಡಲಾರೆ ಎಂದುಕೊಂಡು ಕೊಡಲಿ ಎತ್ತಿಕೊಂಡಳು.

ಒಣಗಿದ ಭೂರ್ಜ ಮರದ ಕೊಂಬೆಯೊಂದನ್ನು ಸೀಳಿ, ಮೊಳಕ್ಕಿಂತ ನಾಲ್ಕು ಬೆರಳು ಉದ್ದದ ಎರಡು ಕಾಲುಗಳನ್ನು ಕೆತ್ತಿದಳು. ತುದಿ ಜಾರದಂತೆ ಲಾಳದ ಮೊಳೆಗಳನ್ನು ಬಡಿದಳು. ಕಷ್ಟವಿದ್ದದ್ದು ಬಂದೂಕಿನ ಮರದಲ್ಲಿ. ಮಾವನ ಕಾಲದ ಮರ, ಬೆವರು ಕುಡಿದು ಕರಿದಾಗಿ ಒಣಗಿತ್ತು. ಬೈರಿಗೆ ಹಾಕಿದರೆ ಸೀಳುತ್ತದೆ. ಅವಳು ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ನಳಿಗೆಯ ಕೆಳಗೆ ಅಡ್ಡಲಾಗಿ ಒತ್ತಿ, ಹೊಗೆ ಬಂದಕೂಡಲೇ ತೆಗೆದು, ಮತ್ತೆ ಕಾಯಿಸಿ ಒತ್ತಿದಳು. ತೂತು ಆಚೆಗೆ ಬರಲು ಎರಡು ದಿನ ಹಿಡಿಯಿತು. ಹುಲ್ಲು ಕೊಯ್ಯುವ ಯಂತ್ರದ ಹಳೆಯ ಬೋಲ್ಟೊಂದನ್ನು ಅದರಲ್ಲಿ ತೂರಿಸಿ, ಎರಡೂ ಬದಿಗೆ ಒಂದೊಂದು ಕಾಲು ಸೇರಿಸಿ, ತೊಗಲಿನ ಬಿಲ್ಲೆಯಿಟ್ಟು ಬಿಗಿದಳು. ಕಾಲುಗಳು ಅತಿಯಾಗಿ ಅಗಲದಂತೆ ನಡುವೆ ಹಸಿ ತೊಗಲಿನ ಪಟ್ಟಿ ಕಟ್ಟಿದಳು.

ಚೋಯ್ಜಿಲ್ ಪಕ್ಕದಲ್ಲಿ ಕೂತು ಕೈಯಿಂದ ಸವರಿ ನೋಡಿದ. ಕಾಲುಗಳನ್ನು ಮಡಿಸಿದ, ಬಿಚ್ಚಿದ.

"ಇದಕ್ಕೆ ಕೆಮ್ಮು ಬರಲ್ಲ. ಗುಂಡು ಬಿಡೋ ಹೊತ್ತಿಗೆ ಕಾಲು ಜೋಮು ಹಿಡೀತು ಅನ್ನಲ್ಲ" ಎಂದ.

"ಚಹಾನೂ ಕಾಯಿಸಲ್ಲ. ಸಂಜೆ ಅದನ್ನೇ ಕೇಳಿ ನೋಡಿ."

ಅವನು ನಕ್ಕ. ಎಷ್ಟೋ ವಾರಗಳ ಮೇಲಿನ ನಗು. ಅವಳು ಅವನ ಎಡಗೈ ಹಿಡಿದುಕೊಂಡು ಹೇಳಿದಳು: "ಚಾಮರ ಬೀಸಿ ಕಾಯ್ಬೇಕು. ಶಿಳ್ಳೆ ಕೇಳಿಸಿದ್ರೆ ಮಾತ್ರ ಹೊಡೀಬೇಕು. ಕಿವಿ ನಿಮ್ದು ಚೆನ್ನಾಗೇ ಇದೆ."

"ನಾನೇನು ನಿನ್ನೆ ಬೇಟೆಗೆ ಬಂದೋನಾ?"

ಸಮ್ದಾನ್ ಬಂದ ದಿನ ಪರೀಕ್ಷೆ ನಡೆಯಿತು. ಎಂಬತ್ತು ಹೆಜ್ಜೆ ದೂರದಲ್ಲಿ ಏನಾದರೂ ಇಟ್ಟು ಹೊಡೆಯಿರಿ ಎಂದ ಮುಖಂಡ. ಯಂಜ್ಮಾ ಕೋಲೂರಿಕೊಂಡು ತಾನೇ ಹೋಗಿ ಇಟ್ಟುಬಂದಳು. ಇಟ್ಟದ್ದು ಕುರಿಯ ಹೆಗಲ ಮೂಳೆ, ಬಿಸಿಲಿಗೆ ಬೆಳ್ಳಗಾದದ್ದು. ಒರಗಿಸಿದ್ದು ಕರಿಯ ಬಂಡೆಗೆ. ಚೋಯ್ಜಿಲ್ ಊರುಗಾಲು ಬಿಚ್ಚಿ ಮಲಗಿದ. ಮೂರು ಗುಂಡಿಗೆ ಮೂಳೆ ಪುಡಿಯಾಯಿತು.

ಸಮ್ದಾನ್ ತಲೆದೂಗಿದ. ಹೊರಡುವಾಗ ಮಾತ್ರ ಕುದುರೆಯ ಹತ್ತಿರ ನಿಂತು ಅವಳನ್ನು ಕೇಳಿದ: "ಅಕ್ಕಾ, ಒಂದ್ಮಾತು. ಅಣ್ಣನ ಕಣ್ಣು ಹೇಗಿದೆ? ಜನ ಏನೇನೋ ಅಂತಾರೆ. ನೀವು ಹೇಳಿದ್ರೆ ನಂಬ್ತೀನಿ."

ಬಾಗಿಲಲ್ಲಿ ಚೋಯ್ಜಿಲ್ ಬಂದೂಕನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದ.

"ನನ್ನ ಕಣ್ಣಿಗಿಂತ ಚೆನ್ನಾಗಿದೆ, ತಮ್ಮ" ಎಂದಳು ಯಂಜ್ಮಾ.

ಮೊದಲ ವಾರ ಹನ್ನೊಂದು ತೊಗಲು ಬಂದವು. ಎರಡನೆಯ ವಾರ ಒಂಬತ್ತು. ಅವನು ದಿನವೂ ಸಂಜೆಗೆ ಮೊದಲೇ ಮರಳುತ್ತಿದ್ದ, ದೂರದಿಂದಲೇ ಹಾಡುತ್ತ. ಆ ಹಾಡು ಕೇಳಿದರೆ ಅವಳ ಕೈಗೆ ಕೆಲಸ ಹಗುರಾಗುತ್ತಿತ್ತು. ಒಂದು ದಿನ ಮಾತ್ರ ಅವನು ಬೇಗ ಬಂದ. ಹೆಬ್ಬೆರಳಿಗೆ ಚಿಂದಿ ಸುತ್ತಿತ್ತು.

"ಇವತ್ತಿನದು ಎಂಥ ಸುಲಭದ್ದು ಅಂತೀಯಾ! ಚಾಮರ ತೆಗೆಯೋಕೆ ಮುಂಚೇನೇ ನಿಂತ್ಕೊಂಡು ಕಾಯ್ತಾ ಇತ್ತು. ನನಗೋಸ್ಕರಾನೇ."

ಅವಳು ಕಲಸುತ್ತಿದ್ದ ಹಿಟ್ಟನ್ನು ಬಿಟ್ಟಳು. "ಶಿಳ್ಳೆ?"

"ಗಾಳಿ ಜೋರಿತ್ತು ಮಾರಾಯ್ತಿ."

"ಶಿಳ್ಳೆ ಕೇಳಿಸ್ತಾ, ಇಲ್ವಾ? ಅಷ್ಟು ಹೇಳಿ."

ಅವನು ಚಿಂದಿ ಸುತ್ತಿದ ಬೆರಳನ್ನು ಅವಳ ಮುಂದೆ ಚಾಚಿದ. ತರ್ಬಗ ಒಂದಾನೊಂದು ಕಾಲಕ್ಕೆ ಮನುಷ್ಯನಾಗಿತ್ತೆಂಬ ನಂಬಿಕೆಯಿಂದ ಅಲ್ಲಿಯವರು ಅದರ ಹೆಗಲ ಒಂದು ಚೂರು ಮಾಂಸವನ್ನು ತಿನ್ನದೆ ಕೊಯ್ದು ಎಸೆಯುತ್ತಾರೆ. ಅದನ್ನು ಕೊಯ್ಯುವಾಗ ಚೂರಿ ಜಾರಿ ಬೆರಳಿಗೆ ತಾಗಿತ್ತು. ಅವಳು ಚಿಂದಿ ಬಿಚ್ಚಿ, ಸುಡುವ ನೀರಲ್ಲಿ ಗಾಯ ತೊಳೆದು, ಮಾಂಸ ತೊಗಲು ಎರಡಕ್ಕೂ ಸೀಮೆಎಣ್ಣೆ ಸುರಿದು ಬೆಂಕಿಯಿಟ್ಟಳು. ಡಾಕ್ಟರಿಗೆ ಹೇಳಿಕಳಿಸುತ್ತೇನೆ ಎಂದಳು.

"ಹೇಳಿಕಳಿಸಿದ್ರೆ ಏನಂತ ಹೇಳ್ತೀಯಾ? ಚೋಯ್ಜಿಲನಿಗೆ ರೋಗದ ಪ್ರಾಣಿ ಯಾವುದು, ಒಳ್ಳೇದು ಯಾವುದು ಕಾಣಲ್ಲ ಅಂತಾನಾ?" ಅವನ ದನಿ ಏರಲಿಲ್ಲ. "ಇಡೀ ತಂಡದ ಬೇಟೆ ನಿಲ್ಲಿಸ್ತಾರೆ. ನಾಳೆವರೆಗೆ ನೋಡೋಣ."

ಅವಳು ನಾಳೆಯವರೆಗೆ ನೋಡಿದಳು. ನಾಳೆ ಅವನು ಚೆನ್ನಾಗಿಯೇ ಇದ್ದ, ಎರಡು ಬಟ್ಟಲು ಚಹಾ ಹೆಚ್ಚು ಕುಡಿದ. ಅವಳು ಇನ್ನೊಂದು ದಿನ ನೋಡಿದಳು. ಮೂರನೆಯ ಬೆಳಿಗ್ಗೆ ಅವನ ಮೈ ಕೆಂಡವಾಗಿತ್ತು, ಕಂಕುಳಲ್ಲಿ ಕೋಳಿಮೊಟ್ಟೆಯಷ್ಟು ಗಡ್ಡೆ. ಅವಳು ಕೋಲೂರಿಕೊಂಡು ನೆರೆಯ ಗುಡಾರದತ್ತ ಹೋಗಿ, ನೂರು ಹೆಜ್ಜೆ ದೂರದಲ್ಲೇ ನಿಂತು, ಹತ್ತಿರ ಬರಬೇಡಿ ಎಂದು ಕೂಗಿದಳು. ಅವರಿಗೆ ಮಿಕ್ಕದ್ದು ಅರ್ಥವಾಯಿತು. ಸವಾರನೊಬ್ಬ ಕೇಂದ್ರಕ್ಕೆ ಕುದುರೆ ಓಡಿಸಿದ.

ವೈದ್ಯರ ಗಾಡಿ ಬರುವಷ್ಟರಲ್ಲಿ ಚೋಯ್ಜಿಲ್ ಮಾತು ನಿಲ್ಲಿಸಿದ್ದ. ಕೊಟ್ಟ ಸೂಜಿಮದ್ದು ಅವನಿಗೆ ತಾಗಲಿಲ್ಲ, ಅವಳಿಗೆ ತಾಗಿತು. ಅವನನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿದರು. ಹಾಸಿಗೆ, ಬಟ್ಟೆ, ಕಂಬಳಿ, ಗೋಡೆಗೆ ತೂಗುಹಾಕಿದ್ದು ಎಲ್ಲವನ್ನೂ ಗುಡಾರದ ಜೊತೆ ಸುಟ್ಟರು. ಯಂಜ್ಮಾಳನ್ನು ದೂರದಲ್ಲೊಂದು ಖಾಲಿ ಗುಡಾರದಲ್ಲಿಟ್ಟು, ಸುತ್ತ ಹಗ್ಗ ಎಳೆದರು. ಕಣಿವೆಯಲ್ಲಿ ಆ ವರ್ಷದ ಬೇಟೆ ನಿಂತಿತು. ಹಗ್ಗದಾಚೆ ಬಂದು ನಿಂತ ಸಮ್ದಾನ್ ಟೋಪಿ ತೆಗೆದ. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಮೂರನೆಯ ದಿನ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡ ಚಿಕ್ಕ ವಯಸ್ಸಿನ ಡಾಕ್ಟರು ಹಲಗೆಯ ಮೇಲೆ ಕಾಗದವಿಟ್ಟುಕೊಂಡು ಬಾಗಿಲಲ್ಲಿ ಕೂತ. ಅವನ ಮಾತು ಕೇಳಿಸಲೆಂದು ಅವಳು ಎಡಗಿವಿ ತಿರುಗಿಸಿದಳು.

"ಅಮ್ಮಾ, ಆ ಪ್ರಾಣಿ ಸಿಕ್ಕಿದ್ದು ಯಾವ ಕಣಿವೇಲಿ?"

"ಅವರಿಗೆ ಕಣ್ಣು ಕಾಣ್ತಿರಲಿಲ್ಲ, ಮಗಾ" ಎಂದಳು ಯಂಜ್ಮಾ. "ನನಗೆ ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು. ಮುಖಂಡ ಕೇಳಿದಾಗ ಸುಳ್ಳು ಹೇಳಿದೆ. ಬಂದೂಕಿಗೆ ಕಾಲು ಮಾಡಿಕೊಟ್ಟು ಬೆಟ್ಟಕ್ಕೆ ಕಳಿಸಿದೋಳು ನಾನು. ಆಮೇಲೆ ಎರಡು ದಿನ ಕಾದೆ."

ಡಾಕ್ಟರು ಪೆನ್ಸಿಲ್ ಎತ್ತಿ ಹಿಡಿದು ಅವಳು ಮುಗಿಸುವವರೆಗೆ ಕಾದ. ಅವನಿಗೆ ಕೆಡುಕೆನಿಸಿದ್ದು ಕಣ್ಣಲ್ಲೇ ಕಾಣುತ್ತಿತ್ತು. ಬಹಳ ಸಮಾಧಾನದ ದನಿಯಲ್ಲಿ ಹೇಳಿದ: "ಅದೆಲ್ಲ ಇದರಲ್ಲಿ ಬರಿಯೋಕೆ ಜಾಗ ಇಲ್ಲಮ್ಮಾ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಣಿವೆ ಯಾವುದು ಅಷ್ಟು ಹೇಳಿ."

ಅವಳು ಅವನ ಕೈಯ ಕಾಗದವನ್ನು ನೋಡಿದಳು.

"ಉಲಾನ್ ಹದ" ಎಂದಳು.

ಅವನು ಬರೆದುಕೊಂಡ. "ತೊಗಲು ಸುಲಿದದ್ದು ಅವರೊಬ್ಬರೇನಾ?"

"ಒಬ್ಬರೇ."

"ಮಾಂಸ ಯಾರಾದ್ರೂ ತಿಂದ್ರಾ?"

"ಇಲ್ಲ."

"ನೀವು ಮುಟ್ಟಿದ್ರಾ?"

"ಮುಟ್ಟಿದೆ" ಎಂದಳು. ಅವನು ಅದನ್ನೂ ಬರೆದುಕೊಂಡು, ಹಾಳೆ ತಿರುಗಿಸಿದ.