ದಾಟಿದ ಮೇಲೆ ಮುಟ್ಟುವವಳು

ಹೊಸ್ತಿಲನ್ನು ಎಲ್ಲರೂ ದಾಟುವ ಮೊದಲು ಮುಟ್ಟಿ ನಮಸ್ಕರಿಸಿದರೆ ನಿಂಗಮ್ಮ ದಾಟಿದ ಮೇಲೆ ಹಿಂದಿರುಗಿ ಮುಟ್ಟುತ್ತಿದ್ದಳು. ತರಗತಿಯ ಬಾಗಿಲಿರಲಿ, ಬಸ್ಸಿನ ಮೆಟ್ಟಿಲಿರಲಿ, ಬಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡೇ ಮುಂದಿನ ಮಾತು. ಹಿಂದೆ ಹತ್ತುವವರು ಬೈದರೆ ಕೇಳಿಸುತ್ತಲೂ ಇರಲಿಲ್ಲ. ಕಣ್ಣು ತೆರೆದೇ ಕನಸು ಕಾಣುವ ಹುಡುಗಿ ಅವಳು.

ಅವಳದು ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರು, ಕುರಿ ಸಾಕುವ ಮನೆತನ. ನಾನು ಮಾನ್ವಿಯ ಮೇಷ್ಟ್ರ ಮಗಳು. ರಾಯಚೂರಿನ ಮಹಿಳಾ ಕಾಲೇಜಿನ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಮಹಿಳಾ ಕಾಲೇಜುಗಳ ಬೌಲಿಂಗ್ ಪಂದ್ಯಾವಳಿ ಎಂದು ನೋಟಿಸ್ ಬಂದಾಗ ಕ್ರಿಕೆಟ್ಟೆಂದು ತಿಳಿದು ಹೆಸರು ಕೊಟ್ಟುಬಿಟ್ಟೆವು. ಆಮೇಲೆ ಗೊತ್ತಾಯಿತು, ಇದು ಭಾರದ ಚೆಂಡು ಉರುಳಿಸಿ ದೂರದ ಹತ್ತು ಪಿನ್ನುಗಳನ್ನು ಕೆಡವುವ ಆಟ. ಹಾಸ್ಟೆಲಿನ ಪಡಸಾಲೆಯಲ್ಲಿ ಮರಳು ತುಂಬಿದ ಬಾಟಲಿಗಳನ್ನು ನಿಲ್ಲಿಸಿ ಕಲಿತೆವು. ನಿಂಗಮ್ಮನ ಗುರಿ ತಪ್ಪುತ್ತಿರಲಿಲ್ಲ.

"ಮುಂದಿನದು ಹೊಂಟ್ರ ಹಿಂದಿನವು ನಿಲ್ತಾವೇನ್ ಬೇ? ಕುರಿನೇ ಅಲ್ಲೇನ ಅವು!" ಎನ್ನುತ್ತಿದ್ದಳು.

ನಮ್ಮ ಕಾಲೇಜು ಯಾವ ಆಟದಲ್ಲೂ ಕಪ್ ಕಂಡಿರಲಿಲ್ಲ. ನಿಂಗಮ್ಮನಿಗಂತೂ ಅದರದೇ ಧ್ಯಾನ. "ಕಪ್ ಗೆದ್ದು ಊರಿಗೆ ಒಯ್ತೀನಿ. ಅದರಾಗ ನಮ್ಮ ಹೊಳಿ ನೀರು ಕುಡೀತೀನಿ ನೋಡ್ತಿರು."

ಪಂದ್ಯದ ದಿನ ಚೆಂಡು ಉರುಳಿಸುವ ನುಣುಪಾದ ಮರದ ಹಾದಿ ಕಂಡು ಮೈಮರೆತಳು. "ಸಂಜಿಮುಂದ ಹೊಳಿ ಹಿಂಗ ಇರ್ತದ. ಹರಿಯೋದ ಗೊತ್ತಾಗಂಗಿಲ್ಲ." ಹಾದಿಯ ಈ ತುದಿಗೆ ಹೊಸ್ತಿಲಿನಂಥ ಒಂದು ಕಪ್ಪು ಗೆರೆ. ಅವಳ ಮೊದಲ ಚೆಂಡು ತೇಲಿದಂತೆ ಹೋಗಿ ಹತ್ತನ್ನೂ ಮಲಗಿಸಿತು. ನಾವು ಕುಣಿಯುತ್ತಿರುವಾಗಲೇ ನಿಂಗಮ್ಮ ಬಾಗಿ, ಗೆರೆಯಾಚೆ ಕೈಯಿಟ್ಟು ಕಣ್ಣಿಗೊತ್ತಿಕೊಂಡಳು. ಬಝರ್ ಕಿರುಚಿತು. ಚೆಂಡು ಬಿಟ್ಟ ಮೇಲೆ ಗೆರೆಯಾಚೆ ಕೈ ತಗುಲಿದರೆ ಫೌಲ್, ಬಿದ್ದದ್ದೆಲ್ಲ ಸೊನ್ನೆ ಎಂದರು ಅಂಪೈರ್.

"ಹಂಗಾದ್ರ ಚೆಂಡು ಬಿಡೂಕಿಂತ ಮೊದಲ ಮುಟ್ಟಿಬಿಡು," ಎಂದೆ.

"ಮೊದಲ ಮುಟ್ಟಿದ್ರ ಬೇಡಿದಂಗ ಆಗ್ತದ. ನಮ್ಮನ್ಯಾಗ ಬೇಡಂಗಿಲ್ಲ. ಕೊಟ್ಟ ಮ್ಯಾಲ ನೆನಿತೀವಿ."

ನಾವು ಉಳಿದವರು ಅಂಕ ಕೂಡಿಸುತ್ತ ಹೋದೆವು; ಕೊನೆಗೆ ಕಪ್ ಅವಳ ಒಂದೇ ಚೆಂಡಿನ ಮೇಲೆ ನಿಂತಿತು. ಚೆಂಡು ಹೋಯಿತು, ಎಲ್ಲ ಪಿನ್ನುಗಳೂ ಬಿದ್ದವು, ಅವಳ ನಡು ತಾನಾಗಿ ಬಾಗಿತು.

"ನಿಂಗೀ, ಬ್ಯಾಡ!" ಎಂದು ಚೀರಿದೆ.

ಗೆರೆಗೆ ಗೇಣು ಮೇಲೆ, ಗಾಳಿಯಲ್ಲೇ ಅವಳ ಕೈ ನಿಂತಿತು. ಆ ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಹಿಂದಹಿಂದಕ್ಕೆ ನಡೆದು ಬಂದಳು. ಗೆದ್ದೆವು, ಆದರೆ ಅವಳ ಮುಖದಲ್ಲಿ ಗೆಲುವಿರಲಿಲ್ಲ. "ಇಸ್ಕೊಂಡು ಸುಮ್ನ ಬಂದಂಗಾತು," ಎಂದಳು.

ಹೊರಗೆ ಫೋಟೋಗೆ ನಿಂತಾಗ ನೋಡಿದರೆ ನಿಂಗಮ್ಮ ಇಲ್ಲ. ಅಷ್ಟರಲ್ಲಿ ಒಳಗೆ, ಖಾಲಿಯಾದ ಆಟದ ಹಾದಿಯಲ್ಲಿ ಬಝರ್ ಕಿರುಚಿತು. ಓಡಿಹೋದರೆ, ಗೆರೆಯಾಚೆ ಅಂಗೈ ಊರಿ ಕುಳಿತು ಒಬ್ಬಳೇ ನಗುತ್ತಿದ್ದಳು.

ಪ್ರಿನ್ಸಿಪಾಲರು ಕಪ್ಪನ್ನು ಊರಿಗೊಯ್ಯಲು ಬಿಟ್ಟರು. ತಿರುಗಿ ತಂದಾಗ ಅದರ ತಳದಲ್ಲಿ ಕೃಷ್ಣೆಯ ಮರಳಿತ್ತು. ಅದನ್ನು ತೊಳೆಯಲು ನಾನು ಬಿಡಲಿಲ್ಲ.

ಕೊನೆಯ ಪರೀಕ್ಷೆ ಮುಗಿದ ದಿನ ಅವಳು ಕಾಲೇಜಿನ ಗೇಟು ದಾಟಿ, ಚೀಲ ಕೆಳಗಿಟ್ಟು, ಒಳಗೇ ನಿಂತ ನನ್ನ ಕಡೆಗೆ ತಿರುಗಿ, ಬಾಗಿ ಗೇಟಿನ ಬುಡ ಮುಟ್ಟಿದಳು. ಅಳು ತಡೆಯಲಾಗದೆ "ಫೌಲ್!" ಎಂದು ಕೂಗಿದೆ.

ಮುಟ್ಟಿದ ಕೈ ಕಣ್ಣ ಮೇಲಿಟ್ಟುಕೊಂಡೇ ನಕ್ಕಳು. "ಸೊನ್ನಿ ಆದ್ರ ಆಗ್ಲಿ ಬಿಡು. ಮೊದಲಿಂದ ಶುರು ಮಾಡೂಣು."

ದೇವದುರ್ಗದ ಬಸ್ಸು ಬಂತು. ಆಮೇಲೆ ನಾವು ಭೇಟಿಯಾಗಿಲ್ಲ, ಅವಳ ಫೋನ್ ನಂಬರು ಈಗ ಬೇರೆ ಯಾರದೋ ಆಗಿದೆ. ಮೊದಲಿಂದ ಶುರು ಮಾಡಲು ನಾನಂತೂ ತಯಾರಿದ್ದೇನೆ, ನಿಂಗೀ.