ಚಿಕ್ಕಮಾವ ವಾಸಿ ಮಾಡಿಸಿದ ಲಕ್ವ

ನನ್ನ ಗಂಡನ ಚಿಕ್ಕಪ್ಪನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲಿಲ್ಲ. ಓದಿದ್ದು ಪಹಣಿ ಮಾತ್ರ. ಆದರೂ ಹೊಸಕೋಟೆಯ ಡಾಕ್ಟರುಗಳೆಲ್ಲ ಅವರ ಲೆಕ್ಕದಲ್ಲಿ ದಡ್ಡರು.

ಒಂದು ಬೆಳಿಗ್ಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ನನ್ನ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು ಮೂಡಿ ನಿಧಾನವಾಗಿ ಅಗಲವಾಯಿತು. ಆಮೇಲೆ ಬಲಗೈ ಬೆರಳಿಗೆ ಹಿಡಿದ ಜೋಮು ಮೆಲ್ಲಗೆ ಮೊಳಕೈಗೆ, ತುಟಿಗೆ ಹತ್ತಿತು. ಮಾತು ತೊದಲಿತು.

"ಲಕ್ವ ಕಣ್ರೋ ಇದು! ಆಸ್ಪತ್ರೆಗೆ ಹಾಕುದ್ರೆ ಸೂಜಿ ಚುಚ್ಚಿ ಕೆಡಿಸ್ಬುಡ್ತಾರೆ" ಎಂದ ಚಿಕ್ಕಮಾವ, ನನ್ನನ್ನು ಕಾರಿಗೆ ತುಂಬಿ ನಾಟಿ ಔಷಧಿಯವನ ಬಳಿ ಒಯ್ದರು. ಅವನು ಪಾರಿವಾಳ ಕೊಯ್ದು ಬಿಸಿ ರಕ್ತವನ್ನು ಕೈಗೆ ತಿಕ್ಕಿದ. ಅಷ್ಟರಲ್ಲಿ ಜೋಮು ತಾನಾಗಿ ಇಳಿಯುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಬೆನ್ನಿಗೇ ಅರ್ಧ ತಲೆ ಸಿಡಿದು ವಾಂತಿಯಾಯಿತು. "ವಿಷ ಈಚೆಗೆ ಬಂತು" ಎಂದ ಆ ಮಹಾನುಭಾವ.

ಆಮೇಲೆ ನಾನೇ ಹೋಗಿ ಡಾಕ್ಟರಿಗೆ ತೋರಿಸಿದೆ. "ಇದು ಮೈಗ್ರೇನ್. ಮೆಲ್ಲಗೆ ಹರಡಿ ಮೆಲ್ಲಗೆ ಹೋಗುತ್ತೆ. ಸ್ಟ್ರೋಕ್ ಸಾಮಾನ್ಯವಾಗಿ ಏಕಾಏಕಿ ಬಡಿಯುತ್ತೆ. ಆದ್ರೂ ಮನೇಲಿ ಕೂತು ನೀವೇ ತೀರ್ಮಾನ ಮಾಡ್ಬೇಡಿ, ಮೊದ್ಲು ಆಸ್ಪತ್ರೆಗೆ ಬನ್ನಿ" ಎಂದರು ಆಕೆ. ಮನೆಯಲ್ಲಿ ಹೇಳಿದರೆ ಚಿಕ್ಕಮಾವ ನಕ್ಕರು. "ವಾಸಿ ಆದ್ಮೇಲೆ ಯಾರ್ ಬೇಕಾದ್ರೂ ಹೆಸರಿಡ್ತಾರೆ ಬಿಡಮ್ಮ."

ಹೋದ ವರ್ಷ ನನ್ನ ಓರಗಿತ್ತಿ, ನಾನು ಅಕ್ಕ ಎಂದೇ ಕರೆಯುವವಳು, ಹಾಲು ಕರೆದು ಏಳುವಾಗ ಕುಸಿದಳು. ಒಂದೇ ಸಲಕ್ಕೆ ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. "ಆಸ್ಪತ್ರೆಗೆ ನಡೀರಿ" ಎಂದು ಕಿರುಚಿಕೊಂಡೆ. ಚಿಕ್ಕಮಾವ ಎಲ್ಲರಿಗೂ ನನ್ನನ್ನೇ ತೋರಿಸಿದರು. "ಇವಳ್ಗೆ ವಾಸಿ ಆಗ್ಲಿಲ್ವಾ? ನೀವೇ ಕಣ್ಣಾರೆ ನೋಡಿಲ್ವಾ?" ಮನೆಯ ಗಂಡಸರು ಕೋಲೆಬಸವನ ಹಾಗೆ ತಲೆಯಾಡಿಸಿದರು. ನನ್ನ ಮಾತು ಯಾರಿಗೂ ಬೇಡವಾಗಿತ್ತು, ನನ್ನ ನೆಟ್ಟಗಿರುವ ಕೈ ಸಾಕಾಗಿತ್ತು. ಮತ್ತೆ ಪಾರಿವಾಳ, ಮತ್ತೆ ರಕ್ತ. ಆಸ್ಪತ್ರೆ ಮುಟ್ಟುವಾಗ ಸಂಜೆಯಾಗಿತ್ತು. ಬೆಳಿಗ್ಗೆಯೇ ಬರಬೇಕಿತ್ತು ಎಂದರು ಅಲ್ಲಿಯವರು.

ಅಕ್ಕನಿಗೆ ಇನ್ನೂ ಮಾತು ಬಂದಿಲ್ಲ. ಚಿಕ್ಕಮಾವನ ನಾಲಿಗೆಗೆ ಮಾತ್ರ ಯಾವ ರೋಗವೂ ತಗುಲಿಲ್ಲ. ಅವರಿಗೆ ಊಟ ಬಡಿಸುವಾಗಲೂ ನನಗೆ ಅಸಹ್ಯವಾಗುತ್ತದೆ.

ಮೊನ್ನೆ ಬೂದಿಗೆರೆ ಕಡೆಯವರೊಬ್ಬರು ಲಕ್ವದ ಔಷಧಿ ವಿಚಾರಿಸಿಕೊಂಡು ಬಂದರು. ಜಗಲಿಯಲ್ಲಿ ಅಕ್ಕ ಕೂತಿದ್ದಳು. ಚಿಕ್ಕಮಾವ ಅವಳ ತಲೆಯ ಮೇಲಿಂದಲೇ ನನ್ನನ್ನು ಕೂಗಿದರು. "ಬಾಮ್ಮಾ, ಇವರ್ಗೊಸಿ ನಿನ್ ಕೈ ತೋರ್ಸು."

ನಾನು ಹೊಸಿಲು ದಾಟುವಷ್ಟರಲ್ಲಿ ಅಕ್ಕ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಬಂದವರ ಮುಂದೆ ಹಿಡಿದಿದ್ದಳು.